ಮೂವತ್ತು ಸೆಕೆಂಡಿನ ಹಾಡು, ಅದರ ಹಿಂದಿನ ಕಾಗದ

2008ರ ಏಪ್ರಿಲ್‌ನಲ್ಲಿ ‘ಕ್ರೇಜಿ 4’ ಎಂಬ ಹಿಂದಿ ಚಿತ್ರ ಇನ್ನೇನು ತೆರೆಗೆ ಬರಬೇಕು ಎನ್ನುವಾಗ ಅದರ ಹಾಡೊಂದು ಬಾಂಬೆ ಹೈಕೋರ್ಟಿನಲ್ಲಿ ಸಿಕ್ಕಿಕೊಂಡಿತು. ದಾವೆ ಹೂಡಿದವರು ಜಾಹೀರಾತು ಸಂಗೀತದಲ್ಲಿ ಹೆಸರು ಮಾಡಿದ್ದ ರಾಮ್ ಸಂಪತ್. ಸೋನಿ ಎರಿಕ್ಸನ್ ಮೊಬೈಲ್ ಜಾಹೀರಾತಿಗೆ ತಾನು ಮಾಡಿಕೊಟ್ಟ ‘ದ ಥಂಪ್’ ಎಂಬ ಟ್ಯೂನನ್ನು ಸಿನಿಮಾದ ಹಾಡಿಗೆ ಎತ್ತಿಕೊಂಡಿದ್ದಾರೆ ಎಂಬುದು ಅವರ ದೂರು. ಮೇಲ್ನೋಟಕ್ಕೆ ದೂರಿನಲ್ಲಿ ಹುರುಳಿದೆ ಎಂದು ಕೋರ್ಟ್ ತಡೆ ಕೊಟ್ಟಿತು. ಬಿಡುಗಡೆಯ ದಿನ ಹತ್ತಿರವಾಗಿತ್ತು; ನಿರ್ಮಾಪಕರು ರಾಜಿಗೆ ಬಂದರು. ಆಗ ಪತ್ರಿಕೆಗಳಲ್ಲಿ ಬಂದ ಮೊತ್ತ 2 ಕೋಟಿ ರೂಪಾಯಿ.

ಸಿನಿಮಾ ಹಾಡನ್ನು ಜಾಹೀರಾತಿಗೆ ತರುವುದು ಮಾಮೂಲು. ಇಲ್ಲಿ ನಡೆದದ್ದು ತಿರುಗುಮುರುಗು. ಆದರೆ ಈ ಪ್ರಕರಣವನ್ನು ನೆನಪಿಡಬೇಕಾದದ್ದು ಆ ಕಾರಣಕ್ಕಲ್ಲ. ಟ್ಯೂನನ್ನು ಮಾಡಿಸಿದ್ದು ಮೊಬೈಲ್ ಕಂಪನಿ, ಟಿವಿಯಲ್ಲಿ ಬಿತ್ತರಿಸಿದ್ದೂ ಅದೇ. ಹಾಗಿದ್ದೂ ಕೋರ್ಟಿಗೆ ಹೋಗಿ ಗೆದ್ದದ್ದು ಸಂಗೀತಗಾರ, ಏಕೆಂದರೆ ಹಕ್ಕನ್ನು ಅವರು ಪೂರ್ತಿ ಬರೆದುಕೊಟ್ಟಿರಲಿಲ್ಲ, ಬಳಸಲು ಪರವಾನಗಿಯನ್ನಷ್ಟೇ ಕೊಟ್ಟಿದ್ದರು. ಮೊಬೈಲ್ ಜಾಹೀರಾತಿನಲ್ಲಿ ನಮಗೆ ಕೇಳಿಸುವ ಹಾಡು ಯಾವುದು, ಎಷ್ಟು ದಿನ ಕೇಳಿಸುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ರುಚಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಈ ಒಪ್ಪಂದದ ಕಾಗದ. ಇವತ್ತು ಊರಿನ ಮೊಬೈಲ್ ಅಂಗಡಿಯವರೂ ಕನ್ನಡ ಸಿನಿಮಾ ಹಾಡು ಹಾಕಿ ರೀಲ್ ಮಾಡುತ್ತಿರುವುದರಿಂದ, ಇದು ದೊಡ್ಡ ಕಂಪನಿಗಳ ತಲೆನೋವಾಗಿ ಮಾತ್ರ ಉಳಿದಿಲ್ಲ.

ಕೊಳ್ಳುವುದೋ, ಮಾಡಿಸುವುದೋ

ಜನಪ್ರಿಯ ಹಾಡನ್ನು ಕೊಂಡರೆ ಸಿಗುವ ಲಾಭ ಸ್ಪಷ್ಟ: ಮೊದಲ ಎರಡು ಸೆಕೆಂಡಿಗೇ ಗುರುತು ಸಿಗುತ್ತದೆ. ಹಾಡಿಗೂ ಲಾಭವಿದೆ. ಅಮೆರಿಕದ ದ ಡ್ಯಾಂಡಿ ವಾರ್‌ಹೋಲ್ಸ್ ತಂಡದ ‘ಬೊಹೀಮಿಯನ್ ಲೈಕ್ ಯು’ 2000ದಲ್ಲಿ ಬಂದಾಗ ಬ್ರಿಟನ್ನಿನಲ್ಲಿ ಹೆಚ್ಚು ಸದ್ದು ಮಾಡಲಿಲ್ಲ. 2001ರಲ್ಲಿ ವೊಡಾಫೋನ್ ಅದನ್ನು ಜಾಹೀರಾತಿಗೆ ಬಳಸಿತು. ಮರುಬಿಡುಗಡೆಯಾದ ಅದೇ ಹಾಡು ಅಲ್ಲಿನ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ತೊಂದರೆ ಏನೆಂದರೆ, ಅವಧಿ ಮುಗಿದ ಮೇಲೆ ಹಾಡು ತಂಡದ್ದೇ. ಜನರ ತಲೆಯಲ್ಲಿ ಕಂಪನಿ ಕಟ್ಟಿದ ನೆನಪನ್ನು ನಾಳೆ ಕಾರು ಮಾರುವವರೂ ಬಾಡಿಗೆಗೆ ಪಡೆಯಬಹುದು.

ಭಾರತದ ಟೆಲಿಕಾಂ ಕಂಪನಿಗಳು ಬಹುಮಟ್ಟಿಗೆ ಇನ್ನೊಂದು ದಾರಿ ಹಿಡಿದವು. 2002ರಲ್ಲಿ ಏರ್‌ಟೆಲ್ ಎ.ಆರ್. ರೆಹಮಾನ್ ಅವರಿಂದ ಸ್ವಂತ ಟ್ಯೂನ್ ಮಾಡಿಸಿತು. ಅದರ ಗೆಲುವಿಗೆ ರೆಹಮಾನ್ ಹೆಸರಷ್ಟೇ ಕಾರಣವಾಗಿರಲಿಲ್ಲ. ಆಗಿನ ಬಹುಪಾಲು ಹ್ಯಾಂಡ್‌ಸೆಟ್‌ಗಳಲ್ಲಿ ಒಮ್ಮೆಗೆ ಒಂದೇ ಸ್ವರ ನುಡಿಯುತ್ತಿತ್ತು. ತಾಳವಾದ್ಯ, ಹಿನ್ನೆಲೆ ಎಲ್ಲವನ್ನೂ ಕಿತ್ತು ಹಾಕಿದರೂ ಗುರುತು ಸಿಗುವ ಒಂದೆಳೆಯ ರಾಗ ಅದರಲ್ಲಿತ್ತು. ಹಾಗಾಗಿ ಅದು ಟಿವಿಯಿಂದ ಇಳಿದು ರಿಂಗ್‌ಟೋನ್ ಆಯಿತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಗ್ರಾಹಕರ ಕಿಸೆಯಿಂದಲೇ ಪುಕ್ಕಟೆ ಪ್ರಚಾರ ನಡೆಯಿತು. 2010ರಲ್ಲಿ ಕಂಪನಿ ಲೋಗೊ ಬದಲಿಸಿದಾಗ ಟ್ಯೂನಿಗೂ ಹೊಸ ರೂಪ ಬಂತು. ಅದನ್ನು ಮಾಡಿದವರೂ ರೆಹಮಾನ್.

ನೋಕಿಯಾದ್ದು ಇನ್ನೂ ಜಾಣ ನಡೆ. ಅದರ 13 ಸ್ವರಗಳ ಟ್ಯೂನು ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ 1902ರಲ್ಲಿ ರಚಿಸಿದ ‘ಗ್ರಾನ್ ವಾಲ್ಸ್’ ಕೃತಿಯ ನಾಲ್ಕು ತಾಳಸುತ್ತುಗಳಷ್ಟು ಭಾಗದಿಂದ ಎತ್ತಿದ್ದು. ತಾರೆಗಾ ತೀರಿಕೊಂಡದ್ದು 1909ರಲ್ಲಿ. ರಾಗಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿರಲಿಲ್ಲ. ಆಮೇಲೆ ನೋಕಿಯಾ ಅದನ್ನೇ ಧ್ವನಿ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿತು. ಕಾಪಿರೈಟ್ ಒಂದು ದಿನ ಮುಗಿಯುತ್ತದೆ, ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು. ಭಾರತದಲ್ಲಿ ಧ್ವನಿಗೆ ಟ್ರೇಡ್‌ಮಾರ್ಕ್ ಮೊದಲು ಸಿಕ್ಕಿದ್ದು 2008ರಲ್ಲಿ, ಯಾಹೂ ಕಂಪನಿಯ ಕೂಗಿಗೆ. 2017ರ ಟ್ರೇಡ್‌ಮಾರ್ಕ್ ನಿಯಮಗಳ ಪ್ರಕಾರ 30 ಸೆಕೆಂಡಿಗೆ ಮೀರದ ಎಂಪಿ3 ಕಡತವನ್ನೂ ಸ್ವರಲಿಪಿಯನ್ನೂ ಅರ್ಜಿಯ ಜೊತೆ ಕೊಡಬೇಕು. ಸ್ವಂತ ಟ್ಯೂನ್ ಮಾಡಿಸಿಕೊಂಡ ಎಷ್ಟೋ ಸಣ್ಣ ಬ್ರ್ಯಾಂಡ್‌ಗಳು ಈ ಹೆಜ್ಜೆಯನ್ನೇ ಇಡುವುದಿಲ್ಲ.

2003ರ ಹಚ್ ಜಾಹೀರಾತಿನಲ್ಲಿ ಪಗ್ ನಾಯಿ ಹುಡುಗನ ಹಿಂದೆ ಹಿಂದೆ ಹೋಗುತ್ತದೆ. ಹಿನ್ನೆಲೆಯಲ್ಲಿದ್ದದ್ದು ಇಂಗ್ಲಿಷ್ ಹಾಡು. ನೆಟ್‌ವರ್ಕ್, ಸಿಮ್, ದರ ಯಾವುದರ ಸುದ್ದಿಯೂ ಆ ಹಾಡಿನಲ್ಲಿಲ್ಲ. ಜಾಹೀರಾತನ್ನು ನಿರ್ದೇಶಿಸಿದ ಪ್ರಕಾಶ್ ವರ್ಮಾ ಅವರ ನಿರ್ವಾಣ ಫಿಲ್ಮ್ಸ್ ಇರುವುದು ಬೆಂಗಳೂರಿನಲ್ಲಿ. 2009ರ ಐಪಿಎಲ್ ಹೊತ್ತಿಗೆ ಬಂದ ಜೂಜೂಗಳೂ (ವೊಡಾಫೋನ್ ಜಾಹೀರಾತಿನ ಬಿಳಿ ಗೊಂಬೆಯಂಥ ಪಾತ್ರಗಳು) ಅವರವೇ. ಮಾತು ಕಡಿಮೆ ಇದ್ದಷ್ಟೂ ಭಾಷೆ ಬದಲಿಸುವ ಖರ್ಚು ಕಡಿಮೆ ಎಂಬ ಲೆಕ್ಕಕ್ಕೆ ಇವೆರಡೂ ಒಳ್ಳೆಯ ಉದಾಹರಣೆ. 2011ರಲ್ಲಿ ಏರ್‌ಟೆಲ್ ಇದಕ್ಕೆ ತದ್ವಿರುದ್ಧವಾಗಿ ಹೋಯಿತು. ಬಗೆಬಗೆಯ ಗೆಳೆಯರನ್ನು ಪಟ್ಟಿ ಮಾಡುತ್ತಾ ಹೋಗುವ, ತುಂಬ ಮಾತಿನ ಹಾಡು. ಸಾಹಿತ್ಯ ಅಮಿತಾಭ್ ಭಟ್ಟಾಚಾರ್ಯ ಅವರದು, ಸಂಗೀತ ಮತ್ತದೇ ರಾಮ್ ಸಂಪತ್ ಅವರದು. ಅದು ಜಾಹೀರಾತೆಂಬುದನ್ನೇ ಮರೆತು ಕಾಲೇಜು ಹುಡುಗರು ಹಾಡಿಕೊಂಡರು.

ಒಂದು ಹಾಡು, ಹಲವು ಒಡೆಯರು

‘ಹಾಡಿನ ಹಕ್ಕು’ ಎಂದು ಒಂದೇ ಉಸಿರಿಗೆ ಹೇಳುವುದರಿಂದಲೇ ಅರ್ಧ ಗೊಂದಲ. ಸಾಹಿತ್ಯಕ್ಕೆ ಒಂದು ಹಕ್ಕು, ಸ್ವರಸಂಯೋಜನೆಗೆ ಇನ್ನೊಂದು, ಧ್ವನಿಮುದ್ರಣಕ್ಕೆ ಮತ್ತೊಂದು. ಸಾಹಿತ್ಯ ಮತ್ತು ಸಂಗೀತದ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಧ್ವನಿಮುದ್ರಣದ್ದು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಅಂದರೆ 1965ರಲ್ಲಿ ಬಂದ ಗ್ರಾಮಫೋನ್ ತಟ್ಟೆಯ ಮುದ್ರಣ 2026ರ ಜನವರಿ 1ಕ್ಕೆ ಮುಕ್ತವಾಗುತ್ತದೆ. ಆದರೆ ಅದರ ಸಾಹಿತ್ಯ, ಸಂಗೀತ ಮುಕ್ತವಾಗಿರಬೇಕಿಲ್ಲ.

ಭಾವಗೀತೆಯನ್ನು ತೆಗೆದುಕೊಳ್ಳಿ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಯ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ. ಆ ಕವಿತೆಗೆ ಸಿ. ಅಶ್ವತ್ಥ್ ರಾಗ ಹಾಕಿದ್ದರೆ ಆ ರಾಗದ್ದು 2069ರವರೆಗೆ. ದಾಸರ ಪದವನ್ನೋ ವಚನವನ್ನೋ ಬಳಸಿದರೆ ಪದಗಳಿಗೆ ಯಾರ ಅಪ್ಪಣೆಯೂ ಬೇಡ ಎನ್ನುವುದು ನಿಜ. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಧಾಟಿ ಎಷ್ಟೋ ಸಲ ಇತ್ತೀಚಿನ ಸಂಗೀತಗಾರರೊಬ್ಬರದ್ದಾಗಿರುತ್ತದೆ. ಅಪ್ಪಣೆ ಕೇಳಲು ಮರೆಯುವುದು ಅಲ್ಲಿ.

ಸಿನಿಮಾ ಹಾಡಿನ ಮಟ್ಟಿಗೆ ನಿರ್ಮಾಪಕರಿಂದ ಆಡಿಯೊ ಕಂಪನಿ ಹಕ್ಕು ಕೊಂಡಿರುತ್ತದೆ. ಕನ್ನಡದಲ್ಲಿ ಲಹರಿ, ಆನಂದ್ ಆಡಿಯೊ, ಝೇಂಕಾರ್, ಹಳೆಯವಕ್ಕೆ ಸರೆಗಮ ಹೀಗೆ. ಸಾಹಿತ್ಯ, ಸಂಗೀತ, ಮುದ್ರಣ ಮೂರೂ ಸಾಮಾನ್ಯವಾಗಿ ಒಂದೇ ಬಾಗಿಲಲ್ಲಿ ಸಿಗುವುದರಿಂದ ಇಂಗ್ಲಿಷ್ ಹಾಡಿಗಿಂತ ಇಲ್ಲಿ ಮಾತುಕತೆ ಸುಲಭ. ಹೊರದೇಶಗಳಲ್ಲಿ ಸಂಗೀತ ಪ್ರಕಾಶಕರು ಬೇರೆ, ರೆಕಾರ್ಡ್ ಕಂಪನಿ ಬೇರೆ. 2009ರ ಜನವರಿಯಲ್ಲಿ ಟಿ-ಮೊಬೈಲ್ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ನೂರಾರು ಜನರನ್ನು ಹಠಾತ್ತನೆ ಕುಣಿಸಿ ಮಾಡಿದ ಜಾಹೀರಾತಿನಲ್ಲಿ ಬೇರೆ ಬೇರೆ ಕಾಲದ ಹಾಡುಗಳ ತುಣುಕುಗಳನ್ನು ಒಂದಕ್ಕೊಂದು ಪೋಣಿಸಿತ್ತು. ಇಂಥ ಮಾಲೆಯಲ್ಲಿ ಒಂದೊಂದು ತುಣುಕಿಗೂ ಎರಡೆರಡು ಒಪ್ಪಿಗೆ ಬೇಕು. ತುಣುಕು ಐದೇ ಸೆಕೆಂಡ್ ಆಗಿದ್ದರೂ ಅಷ್ಟೆ. ಒಬ್ಬರು ಒಲ್ಲೆ ಎಂದರೆ ನೃತ್ಯವನ್ನೇ ಮರುಜೋಡಿಸಬೇಕು. ಅದೇ ವರ್ಷ ಏಪ್ರಿಲ್‌ನಲ್ಲಿ ಟ್ರಫಾಲ್ಗರ್ ಚೌಕದಲ್ಲಿ ಸಾವಿರಾರು ಜನರಿಂದ ಬೀಟಲ್ಸ್ ಹಾಡನ್ನು ಹಾಡಿಸಿದರು. ಜನರೇ ಹಾಡಿದಾಗ ಮೂಲ ಮುದ್ರಣ ಬೇಕಾಗುವುದಿಲ್ಲ, ರಚನೆಯ ಹಕ್ಕು ಸಾಕು. ಹಾಡನ್ನು ಮತ್ತೆ ಹಾಡಿಸಿ ಬಳಸುವ ಜಾಹೀರಾತುಗಳ ಗುಟ್ಟು ಬಹುಪಾಲು ಇದೇ.

ಈ ಮರುಹಾಡಿಗೆ ಕಾಪಿರೈಟ್ ಕಾಯ್ದೆಯ ಸೆಕ್ಷನ್ 31ಸಿ ಇದೆಯಲ್ಲ, ಐದು ವರ್ಷ ಕಳೆದ ಹಾಡನ್ನು ರಾಯಲ್ಟಿ ಕಟ್ಟಿ ಯಾರೂ ಹಾಡಬಹುದಲ್ಲ ಎನ್ನುವವರಿದ್ದಾರೆ. ಆ ಸೆಕ್ಷನ್ ಇರುವುದು ಆಡಿಯೊ ಕವರ್ ಆವೃತ್ತಿಗೆ. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿಯನ್ನು ಮುಂಗಡ ಕಟ್ಟಬೇಕು, ಸಾಹಿತ್ಯ ತಿರುಚುವಂತಿಲ್ಲ. ದೃಶ್ಯದ ಜೊತೆ ಹಾಡನ್ನು ಬೆಸೆಯಲು ಅದು ಅವಕಾಶ ಕೊಡುವುದಿಲ್ಲ. ‘ಪ್ರೀತಿ’ ಇದ್ದ ಜಾಗದಲ್ಲಿ ಫೋನಿನ ಹೆಸರು ತುರುಕುವ ಜಾಹೀರಾತಿಗಂತೂ ಖಂಡಿತ ಇಲ್ಲ.

2012ರಲ್ಲಿ ಕಾಪಿರೈಟ್ ಕಾಯ್ದೆಗೆ ಬಂದ ತಿದ್ದುಪಡಿ ಜಿಂಗಲ್ (ಜಾಹೀರಾತಿಗೆಂದೇ ಕಟ್ಟಿದ ಹಾಡು) ಮಾಡುವವರ ಕೈ ಬಲಪಡಿಸಿತು. ಅದಕ್ಕೆ ಮೊದಲು, 1977ರ ಸುಪ್ರೀಂ ಕೋರ್ಟ್ ತೀರ್ಪಿನ ಬಲದಲ್ಲಿ, ದುಡ್ಡು ಕೊಟ್ಟು ಮಾಡಿಸಿದ ನಿರ್ಮಾಪಕರೇ ಸಿನಿಮಾ ಸಂಗೀತದ ಮೊದಲ ಒಡೆಯರಾಗುತ್ತಿದ್ದರು. ಈಗ ಬರವಣಿಗೆಯಲ್ಲಿ ವರ್ಗಾಯಿಸದೆ ಹಕ್ಕು ಕೈಬದಲಾಗುವುದಿಲ್ಲ. ವರ್ಗಾಯಿಸಿದರೂ ಚಿತ್ರಮಂದಿರದಾಚೆಯ ಬಳಕೆಗಳಲ್ಲಿ ರಾಯಲ್ಟಿಯ ಸಮಪಾಲು ಪಡೆಯುವ ಹಕ್ಕನ್ನು ಸಾಹಿತಿ, ಸಂಯೋಜಕರು ಬಿಟ್ಟುಕೊಡುವಂತಿಲ್ಲ. ಅಂಥ ಷರತ್ತಿಗೆ ಸಹಿ ಹಾಕಿಸಿಕೊಂಡರೂ ಅದು ನಿಲ್ಲುವುದಿಲ್ಲ. ಜಾಹೀರಾತೂ ಕಾಯ್ದೆಯ ಕಣ್ಣಿನಲ್ಲಿ ಚಲನಚಿತ್ರವೇ ಆದ್ದರಿಂದ ಇದು ಜಿಂಗಲ್‌ಗೂ ಹೊಂದುತ್ತದೆ.

ಇನ್ನೊಂದು ಬಲೆ ಸೆಕ್ಷನ್ 19ರಲ್ಲಿದೆ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ‘ಎಲ್ಲ ಹಕ್ಕುಗಳನ್ನು ಕೊಟ್ಟಿದ್ದೇನೆ’ ಎಂಬ ಒಂದು ಸಾಲಿನ ರಸೀದಿ ಇಟ್ಟುಕೊಂಡು ಶಾಶ್ವತವಾಗಿ ಟ್ಯೂನ್ ನಮ್ಮದು ಎಂದು ನೆಮ್ಮದಿಯಾಗಿರುವ ಬ್ರ್ಯಾಂಡ್‌ಗೆ ಆರನೇ ವರ್ಷ ಕಾಲಡಿಯ ನೆಲವಿರುವುದಿಲ್ಲ. ಒಪ್ಪಂದದ ಹೊತ್ತಿಗೆ ಬಳಕೆಯಲ್ಲೇ ಇರದ ಮಾಧ್ಯಮಕ್ಕೆ, ಹೆಸರಿಸಿ ಬರೆಯದ ಹೊರತು, ಹಕ್ಕು ಹರಿಯುವುದೂ ಇಲ್ಲ.

ಕತ್ತರಿಗೆ ಸಿಗುವ ಹಾಡು

ಹಕ್ಕು ಸಿಕ್ಕಿತು ಎಂದುಕೊಳ್ಳಿ. ಟಿವಿ ಜಾಹೀರಾತು 60, 40, 30, 20, 15, 10 ಸೆಕೆಂಡಿನ ತುಂಡುಗಳಲ್ಲಿ ಬರುತ್ತದೆ. ಹಾಡು ಈ ತುಂಡುಗಳಿಗೆ ಹೊಂದುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಲೆಕ್ಕ ಹಾಕಬಹುದು. ನಿಮಿಷಕ್ಕೆ 96 ಬಡಿತದ ಹಾಡಿನಲ್ಲಿ ಒಂದು ಬಡಿತ 0.625 ಸೆಕೆಂಡ್. ಆದಿತಾಳದ 8 ಎಣಿಕೆಯ ಒಂದು ಆವರ್ತನ ಸರಿಯಾಗಿ 5 ಸೆಕೆಂಡ್. ಮೇಲಿನ ಎಲ್ಲ ಅಳತೆಗಳೂ ಆವರ್ತನದ ಕೊನೆಗೇ ಬಂದು ನಿಲ್ಲುತ್ತವೆ, ಸಂಕಲನಕಾರರಿಗೆ ಹಬ್ಬ. 120 ಬಡಿತದಲ್ಲಿ ಆವರ್ತನ 4 ಸೆಕೆಂಡ್. 30 ಸೆಕೆಂಡಿಗೆ ಏಳೂವರೆ ಆವರ್ತನ ಬೀಳುತ್ತದೆ. ಏಳಕ್ಕೆ ಹಾಡು ನಿಲ್ಲಿಸಿ ಉಳಿದ 2 ಸೆಕೆಂಡಿಗೆ ಕಂಪನಿಯ ಗುರುತಿನ ಟ್ಯೂನ್ ಇಟ್ಟರೆ ಅದೂ ಚೆಂದ. 10 ಸೆಕೆಂಡಿಗೂ ಇದೇ ಲೆಕ್ಕ: ಎರಡು ಆವರ್ತನ, ಮೇಲೆ 2 ಸೆಕೆಂಡ್.

ಕಷ್ಟ ಬರುವುದು 108ರಂಥ ಗತಿಯಲ್ಲಿ. ಆವರ್ತನ 4.44 ಸೆಕೆಂಡ್ ಆಗಿ 30ಕ್ಕೆ ಆರೂಮುಕ್ಕಾಲು ಬೀಳುತ್ತದೆ, ಪಲ್ಲವಿಯ ಕೊನೆಯ ಪದ ಕತ್ತರಿಗೆ ಸಿಗುತ್ತದೆ. ಆರು ಎಣಿಕೆಯ ತಿಶ್ರ ನಡೆಯ ಹಾಡು 96ರಲ್ಲಿದ್ದರೆ 30 ಮತ್ತು 15 ಸೆಕೆಂಡಿಗೆ ಸರಿಹೋಗುತ್ತದೆ, 20 ಮತ್ತು 10ಕ್ಕೆ ಕೈಕೊಡುತ್ತದೆ. ಶೇ 3–4ರಷ್ಟು ಗತಿ ಬದಲಿಸಿದರೆ ಬಹುತೇಕರ ಕಿವಿಗೆ ತಿಳಿಯದು. 100ರ ಹಾಡನ್ನು 96ಕ್ಕೆ ಇಳಿಸಬಹುದು. ಅದಕ್ಕಿಂತ ಹೆಚ್ಚಾದರೆ ಗಾಯಕರ ದನಿಯಲ್ಲಿ ಎಳೆದಾಟ ಕೇಳಿಸತೊಡಗುತ್ತದೆ. ಗತಿ ಬದಲಿಸಲು, ಸಾಲು ಹಾರಿಸಲು, ಹಾಡಿನ ಮೇಲೆ ಮಾತು ಹಾಕಲು ಅನುಮತಿ ಇದೆ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳದಿದ್ದರೆ ಈ ಜಾಣತನವೂ ತಕರಾರಿಗೆ ದಾರಿ.

ಮೊಬೈಲ್ ಜಾಹೀರಾತನ್ನು ಇವತ್ತು ಜನ ನೋಡುವುದೂ ಮೊಬೈಲಿನಲ್ಲೇ. ಆ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಹೆಚ್ಚುಕಡಿಮೆ ಮಾಯ. ಬೇಸ್ ಗಿಟಾರಿನಿಂದ ಗುರುತು ಸಿಗುವ ಹಾಡು ಸ್ಟುಡಿಯೋದಲ್ಲಿ ಮೈ ನಡುಗಿಸಿ ಫೋನಿನಲ್ಲಿ ಬರೀ ತಾಳದ ಟಿಕ್‌ಟಿಕ್ ಆಗಿ ಕೇಳಿಸುತ್ತದೆ. ಗುರುತಿನ ರಾಗ ಮಧ್ಯ ಅಥವಾ ಮೇಲಿನ ಸ್ಥಾಯಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದೇ ಬೇಸ್ ಗೆರೆಯನ್ನು ಒಂದು ಸ್ಥಾಯಿ ಮೇಲೆ ಇನ್ನೊಂದು ವಾದ್ಯದಲ್ಲಿ ಜೋಡಿಸಬೇಕು. ಟಿವಿಗೆ ಮೈನಸ್ 23 ಎಲ್‌ಯುಎಫ್‌ಎಸ್ (ದನಿಯ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಮಾಡಿದ ಧ್ವನಿಮಿಶ್ರಣವನ್ನೇ ಯೂಟ್ಯೂಬಿಗೆ ಏರಿಸಿದರೆ, ಮೈನಸ್ 14ರ ಸುತ್ತಮುತ್ತ ಇರುವ ಉಳಿದ ವಿಡಿಯೊಗಳ ನಡುವೆ ಅದು ಮಂಕಾಗಿ ಕೇಳಿಸುತ್ತದೆ. ಯೂಟ್ಯೂಬ್ ಜೋರಿನದನ್ನು ತಗ್ಗಿಸುತ್ತದೆ, ಮಂಕಾದದ್ದನ್ನು ಎತ್ತಿ ಕೊಡುವುದಿಲ್ಲ. ಎರಡು ಮಿಶ್ರಣ ಮಾಡಿಸಿ.

ಕನ್ನಡ ಆವೃತ್ತಿಯ ವಿಷಯ ಒಂದಿಷ್ಟು ಕಹಿಯದು. ಹಾಡು ಹುಟ್ಟುವುದು ಹಿಂದಿಯಲ್ಲಿ, ಮುಂಬೈಯಲ್ಲಿ. ಟ್ರ್ಯಾಕ್ ಬೆಂಗಳೂರಿಗೆ ಬರುವ ಹೊತ್ತಿಗೆ ತುಟಿ ಚಲನೆ ಚಿತ್ರೀಕರಣವಾಗಿ ಮುಗಿದಿರುತ್ತದೆ. ಹಿಂದಿಯ ಸಾಲು ಹೆಚ್ಚಾಗಿ ಗುರುವಿನಲ್ಲಿ ಮುಗಿಯುತ್ತದೆ, ಉದ್ದ ಸ್ವರಕ್ಕೆ ಅದು ಹಾಯಾಗಿ ಕೂರುತ್ತದೆ. ಕನ್ನಡದ ಕ್ರಿಯಾಪದ ಸಾಮಾನ್ಯವಾಗಿ ಲಘುವಿನಲ್ಲಿ, ಉಕಾರವೋ ಎಕಾರವೋ ಆಗಿ ಮುಗಿಯುತ್ತದೆ. ಅದನ್ನು ಎಳೆದು ಹಾಡಿದರೆ ಕೇಳುವವರಿಗೆ ಡಬ್ಬಿಂಗ್ ವಾಸನೆ ಹೊಡೆಯುತ್ತದೆ. ಸಾಲಿನ ಕೊನೆಗೆ ಕ್ರಿಯಾಪದ ತಾರದೆ ನಾಮಪದವನ್ನೋ ಸಂಬೋಧನೆಯನ್ನೋ ತಂದಿಡುವುದು ಅನುಭವಿ ಗೀತರಚನಕಾರರು ಮಾಡುವ ಉಪಾಯ. ಅದಕ್ಕೆ ಸಾಲುಗಳ ಅರ್ಥವನ್ನು ಅದಲು ಬದಲು ಮಾಡುವ ಸ್ವಾತಂತ್ರ್ಯ ಬೇಕು, ಏಜೆನ್ಸಿಗಳು ಅದನ್ನು ಕೊಡಲು ಹಿಂದೇಟು ಹಾಕುತ್ತವೆ. ಕನ್ನಡದ ಸಾಹಿತ್ಯಕ್ಕೆ ಬೇರೆ ಹಕ್ಕು ಹುಟ್ಟುತ್ತದೆ ಎಂಬುದು ನೆನಪಾಗುವುದಂತೂ ತೀರ ಅಪರೂಪ. ಅದನ್ನು ಬರೆದವರ ಹೆಸರು ಎಷ್ಟೋ ಸಲ ಒಪ್ಪಂದದಲ್ಲೇ ಇರುವುದಿಲ್ಲ.

ಅಂಗಡಿಯ ರೀಲ್

ಇನ್‌ಸ್ಟಾಗ್ರಾಂ ಲೈಬ್ರರಿಯಲ್ಲಿ ಹಾಡು ಕಾಣಿಸುತ್ತದೆ, ಒತ್ತಿದರೆ ರೀಲ್‌ಗೆ ಸೇರುತ್ತದೆ, ಅಂದಮೇಲೆ ಅಡ್ಡಿಯಿಲ್ಲ ಎಂದು ಅಂಗಡಿಯವರು ತಿಳಿಯುವುದು ಸಹಜ. ಆ ಲೈಬ್ರರಿ ಖಾಸಗಿ ಬಳಕೆಗೆ. ವ್ಯಾಪಾರದ ಉದ್ದೇಶಕ್ಕೆ ಬೇರೆ ಲೈಸೆನ್ಸ್ ಬೇಕೆಂದು ಮೆಟಾದ ಸಂಗೀತ ನಿಯಮವೇ ಹೇಳುತ್ತದೆ. ಅದಕ್ಕೇ ಬ್ಯುಸಿನೆಸ್ ಖಾತೆಗಳಲ್ಲಿ ಸಿನಿಮಾ ಹಾಡುಗಳು ಕಾಣಿಸದೆ ಹೋಗುವುದು. ಇದನ್ನು ತಪ್ಪಿಸಲು ಮಾಲೀಕರ ವೈಯಕ್ತಿಕ ಖಾತೆಯಿಂದ ಹಾಕಿಸುವುದು, ಫಾಲೋವರ್ಸ್ ಇರುವ ಹುಡುಗರಿಗೆ ದುಡ್ಡು ಕೊಟ್ಟು ಹಾಕಿಸುವುದು ಇವೆಲ್ಲ ನಡೆಯುತ್ತಿವೆ. ದುಡ್ಡು ಕೈಬದಲಾದ ರೀಲ್ ಯಾರ ಖಾತೆಯಲ್ಲಿದ್ದರೂ ಜಾಹೀರಾತೇ. ಅಂಗಡಿಯಲ್ಲಿ ಹಾಡು ಹಾಕಲು ಹಾಡು ಕೇಳಿಸಲು ಪರವಾನಗಿ ಕೊಡುವ ಸಂಸ್ಥೆಗಳಾದ ಐಪಿಆರ್‌ಎಸ್‌ಗೋ ಪಿಪಿಎಲ್‌ಗೋ ಕಟ್ಟಿದ ರಸೀದಿಯೂ ಇಲ್ಲಿ ಕೆಲಸಕ್ಕೆ ಬಾರದು. ಅದು ಸ್ಪೀಕರಿನಲ್ಲಿ ಕೇಳಿಸಲು, ವಿಡಿಯೊಗೆ ಬೆಸೆಯಲು ಅಲ್ಲ. ಕಾಯ್ದೆಯ ಸೆಕ್ಷನ್ 63ರ ಶಿಕ್ಷೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಸಣ್ಣವರಿಗೆ ಬರುವುದು ಹೆಚ್ಚಾಗಿ ರೀಲ್ ಮೂಕವಾಗುವುದು, ಲೀಗಲ್ ನೋಟಿಸು, ಇತ್ಯರ್ಥಕ್ಕೆ ಇಷ್ಟು ಕೊಡಿ ಎಂಬ ಬೇಡಿಕೆ. ಯೂಟ್ಯೂಬಿನಲ್ಲಿ ಹಕ್ಕುದಾರರು ವಿಡಿಯೊ ತೆಗೆಸದೆ ‘ಕ್ಲೇಮ್’ ಮಾತ್ರ ಹಾಕಿದರೆ, ನಿಮ್ಮ ಜಾಹೀರಾತಿನ ಮುಂದೆ ಪಕ್ಕದ ಬೀದಿಯ ಅಂಗಡಿಯ ಜಾಹೀರಾತು ಓಡಿದರೂ ಆಶ್ಚರ್ಯವಿಲ್ಲ.

ಪ್ರಚಾರದ ವಿಡಿಯೊದಲ್ಲಿ ಹಾಡು ಬಳಸಿದ್ದು ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಬೆಂಗಳೂರೇ ನೋಡಿದೆ. 2022ರ ನವೆಂಬರ್‌ನಲ್ಲಿ ‘ಕೆಜಿಎಫ್ 2’ರ ಹಾಡುಗಳನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ದೂರಿತು. ಇಲ್ಲಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಆ ತುಣುಕುಗಳನ್ನು ತೆಗೆಯುವ ಷರತ್ತಿನ ಮೇಲೆ ಹೈಕೋರ್ಟ್ ಮರುದಿನ ಅದನ್ನು ರದ್ದು ಮಾಡಿತು.

ಸರಿಯಾದ ದಾರಿ ಅಂಥ ಉದ್ದವೇನಲ್ಲ. ಹಾಡಿನ ಅಧಿಕೃತ ಯೂಟ್ಯೂಬ್ ಪುಟದ ವಿವರಣೆಯಲ್ಲಿ ಆಡಿಯೊ ಕಂಪನಿಯ ಹೆಸರಿರುತ್ತದೆ. ಅವರಿಗೆ ಬರೆಯುವ ಪತ್ರದಲ್ಲಿ ಇರಬೇಕಾದದ್ದು ಇಷ್ಟು: ಹಾಡಿನ ಯಾವ ಭಾಗ, ಎಷ್ಟು ಸೆಕೆಂಡ್. ಟಿವಿ, ರೇಡಿಯೊ, ಚಿತ್ರಮಂದಿರ, ಸಾಮಾಜಿಕ ಜಾಲತಾಣ, ಇವುಗಳಲ್ಲಿ ಯಾವುದು. ಕರ್ನಾಟಕ ಮಾತ್ರವೋ ದೇಶವೆಲ್ಲವೋ. ಮೂರು ತಿಂಗಳೋ ವರ್ಷವೋ. ಪದ ಬದಲಿಸುತ್ತೀರೋ ಇಲ್ಲವೋ. ಇವಿಷ್ಟನ್ನು ಹೇಳಿದರೆ ದರ ಹೇಳಲು ಅವರಿಗೆ ಸಾಕು. ಇದರಲ್ಲಿ ಒಂದನ್ನು ಕಿರಿದು ಮಾಡಿದರೂ ಬೆಲೆ ಇಳಿಯುತ್ತದೆ. ಬೇರೆ ಮೊಬೈಲ್ ಬ್ರ್ಯಾಂಡ್‌ಗೆ ಅದೇ ಹಾಡು ಹೋಗಬಾರದೆಂದರೆ ‘ಮೊಬೈಲ್’ ಎಂದಷ್ಟೇ ಬರೆಸಬೇಡಿ. ಹ್ಯಾಂಡ್‌ಸೆಟ್, ಟೆಲಿಕಾಂ ಸೇವೆ, ರೀಚಾರ್ಜ್ ಆ್ಯಪ್ ಮೂರನ್ನೂ ಬೇರೆಬೇರೆಯಾಗಿ ಹೆಸರಿಸಿ. ಸಿನಿಮಾದ ದೃಶ್ಯ, ನಾಯಕನ ಮುಖ ಈ ಲೈಸೆನ್ಸಿನಲ್ಲಿ ಬರುವುದಿಲ್ಲ. ಅದೇ ಟ್ಯೂನನ್ನು ಕಾಲರ್ ಟ್ಯೂನ್ ಮಾಡುವುದಿದ್ದರೆ ಅದಕ್ಕೂ ಪ್ರತ್ಯೇಕ ಸಾಲು ಬೇಕು.

ದುಡ್ಡು ಉಳಿಸಲು ‘ಅದೇ ಗಾಯಕರ ದನಿಯಂತೆ’ ಎಐ ಉಪಕರಣದಲ್ಲಿ ಹಾಡಿಸುವ ಹೊಸ ಚಾಳಿಯೂ ಶುರುವಾಗಿದೆ. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಅವರ ದನಿ, ಹೆಸರು, ಶೈಲಿಯನ್ನು ಹೀಗೆ ಅನುಮತಿಯಿಲ್ಲದೆ ಬಳಸದಂತೆ ಮಧ್ಯಂತರ ತಡೆ ಕೊಟ್ಟಿದೆ. ಹಾಡು ಹೊಸದೇ ಇರಬಹುದು, ದನಿ ಒಬ್ಬರದ್ದು ಎಂದು ಜನರಿಗೆ ಅನಿಸಿದರೆ ಆ ಒಬ್ಬರ ಒಪ್ಪಿಗೆ ಬೇಕು.

ಎಲ್ಲವೂ ಸರಿಯಾಗಿ ನಡೆದ ಮೇಲೂ ಎಡವುವ ಜಾಗ ಅವಧಿಯ ಕೊನೆ. ಟಿವಿಯಲ್ಲಿ ಜಾಹೀರಾತು ನಿಲ್ಲುತ್ತದೆ. ಆದರೆ ಕಂಪನಿಯ ಚಾನೆಲಿನಲ್ಲಿ, ಡೀಲರುಗಳ ಫೇಸ್‌ಬುಕ್ ಪುಟದಲ್ಲಿ, ಅಂಗಡಿಯ ಪರದೆಗೆ ಹಾಕಿದ ಪೆನ್‌ಡ್ರೈವಿನಲ್ಲಿ ಅದು ಉಳಿದೇ ಇರುತ್ತದೆ. ಅವಧಿಯನ್ನು ಸಹಿಯ ದಿನದಿಂದಲ್ಲ, ಮೊದಲ ಪ್ರಸಾರದ ದಿನದಿಂದ ಎಣಿಸುವಂತೆ ಬರೆಸಿಕೊಳ್ಳಬೇಕು. ಹಣ ಕೊಟ್ಟು ಹರಡದ ಹಳೆಯ ಪೋಸ್ಟುಗಳು ಹಾಗೇ ಉಳಿಯಲು ಅನುಮತಿ ಕೇಳಬೇಕು. ಮುಂದುವರಿಸುವುದಾದರೆ ಎಷ್ಟು ಎಂಬ ದರವನ್ನೂ ಮೊದಲ ದಿನವೇ ನಮೂದಿಸಬೇಕು. ಹಾಡು ಗೆದ್ದ ಮೇಲೆ ಕೇಳಹೋದರೆ ಆ ದರವನ್ನು ಹೇಳುವವರು ಆಡಿಯೊ ಕಂಪನಿಯವರು.